ಮಾತು ನಿಂತರೆ ಕಾಲೂ ನಿಲ್ಲಲಿ

ಆ ಬೀದಿಯ ಕ್ಷೌರದಂಗಡಿಯವನಿಗೆ ಜನ ಇಟ್ಟ ಹೆಸರು ರೇಡಿಯೊ. ಕತ್ತರಿ ನಿಂತರೂ ಬಾಯಿ ನಿಲ್ಲದು. ಈ ರೇಡಿಯೊಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ಅಷ್ಟು ದಿನವೂ ಅವನು ಅದನ್ನು ಕರೆಯದೆ ಬಂದ ದೂರದ ನೆಂಟನಂತೆ ಕಂಡ. ಬಂದಿದ್ದಾನೆ, ಇರಲಿ, ಮಾತನಾಡಿಸುವ ಗೋಜು ಬೇಡ. ಮಾತ್ರೆ ನುಂಗುವುದು, ಅದರ ಮೇಲೆ ಬೇಕರಿಯ ಬನ್ನು ತಿನ್ನುವುದು. ನಡೆಯಲು ಹೋಗಿ ಎಂದು ಹೆಂಡತಿ ಅಂದರೆ, ದಿನವಿಡೀ ನಿಂತೇ ಇರುವವನಿಗೆ ಯಾವ ವ್ಯಾಯಾಮ ಎಂದು ಅವಳ ಬಾಯಿ ಮುಚ್ಚಿಸುವುದು.

ಕಳೆದ ತಿಂಗಳು ಪರೀಕ್ಷೆ ಮಾಡಿಸಿದಾಗ ಸಕ್ಕರೆ ಬಹಳ ಏರಿತ್ತು. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಊಟ ಹಿತಮಿತವಾಗಿರಲಿ, ದಿನಾ ನಡೆಯಿರಿ, ಇಲ್ಲವಾದರೆ ಮುಂದೆ ಕಣ್ಣಿಗೆ ತೊಂದರೆಯಾದೀತು ಎಂದರು. ಕಣ್ಣು ಮಂಜಾದ ಕ್ಷೌರಿಕನ ಮುಂದೆ ಯಾರು ಕುತ್ತಿಗೆ ಒಡ್ಡುತ್ತಾರೆ? ರೇಡಿಯೊ ಹೆದರಿದ. ಹೆದರಿದವನ ಕಿವಿಗೆ ಹಿತಮಿತ ಎಂಬ ಮಾತು ಬೀಳುವುದಿಲ್ಲ.

ಫೋನಿನಲ್ಲಿ ತೋಳು ಉಬ್ಬಿಸಿಕೊಂಡ ಒಬ್ಬ ಮನುಷ್ಯ, ಮೈ ನಡುಗುವ ತನಕ ದುಡಿಸಿದರೇನೇ ರೋಗ ಓಡುವುದು ಎಂದು ಕೂಗುತ್ತಿದ್ದ. ರೇಡಿಯೊ ಅವನನ್ನೇ ಗುರು ಮಾಡಿಕೊಂಡ. ಬೆಳಗೆದ್ದು ಮಾತ್ರೆ ನುಂಗಿ, ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು, ನೀರಿನ ಟ್ಯಾಂಕಿನ ಏರು ರಸ್ತೆಯಲ್ಲಿ ಓಡತೊಡಗಿದ. ತಿಂಡಿ ಬಿಟ್ಟ. ಮಧ್ಯಾಹ್ನಕ್ಕೆ ಎರಡು ಸೌತೆಕಾಯಿ. ಹತ್ತು ವರ್ಷ ಸಾಕಿದ ಹೊಟ್ಟೆಯನ್ನು ಹತ್ತು ದಿನದಲ್ಲಿ ಕರಗಿಸುವ ಹಟ.

ಅಂಗಡಿಯ ಹಿಂದಿನ ಅರ್ಧಕ್ಕೆ ಪರದೆ ಕಟ್ಟಿ, ಅಲ್ಲಿ ಹೆಂಡತಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಇಪ್ಪತ್ತು ವರ್ಷದಿಂದ ಗಂಡನ ಮಾತು ಕೇಳುತ್ತಲೇ ಬಟ್ಟೆ ಹೊಲಿದವಳು. ಈ ಒಂದು ವಾರದಿಂದ ಹನ್ನೊಂದು ಗಂಟೆಯಾಗುತ್ತಲೇ ಅವನ ಮಾತು ತೊದಲುವುದು ಅವಳಿಗೆ ಗೊತ್ತಾಗುತ್ತಿತ್ತು. ಸಣ್ಣದಕ್ಕೂ ರೇಗುತ್ತಿದ್ದ. ಫ್ಯಾನಿನ ಕೆಳಗೆ ನಿಂತೂ ಬೆವರುತ್ತಿದ್ದ. ಏನಾಯಿತು ಎಂದು ಕೇಳಿದರೆ ಅವನಿಗೆ ಹೆಮ್ಮೆ.

"ನೋಡೇ, ನಿಂತಲ್ಲೇ ಬೆವರು ಬರ್ತಿದೆ. ಸಕ್ಕರೆ ಇಳೀತಾ ಇದೆ ಅಂತ ಅರ್ಥ."

ಸಂತೋಷಪಡಬೇಕೋ ಹೆದರಬೇಕೋ ಅವಳಿಗೆ ತಿಳಿಯಲಿಲ್ಲ. ಒಂದು ಮೊಟ್ಟೆಯನ್ನಾದರೂ ತಿನ್ನಿ ಎಂದು ದಿನಾ ಬೇಡಿಕೊಂಡಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಗುರುವಾರ ಅದೇ ಬೀದಿಯ ಬೇಕರಿಯವರು ಗಡ್ಡ ಬೋಳಿಸಿಕೊಳ್ಳಲು ಬಂದು ಕೂತಿದ್ದರು. ರೇಡಿಯೊ ಅವರಿಗೆ, ಇದೇ ಕುರ್ಚಿಯಲ್ಲಿ ನಿದ್ದೆ ಹೋಗಿ ಮದುವೆಗೆ ತಡವಾದ ಮದುಮಗನ ಕಥೆ ಹೇಳುತ್ತಿದ್ದ. ಮದುಮಗ ಗೊರಕೆ ಹೊಡೆದ ಎಂದ. ಮತ್ತೆ ಅದನ್ನೇ ಅಂದ. ಮೂರನೆಯ ಸಲ ಅರ್ಧಕ್ಕೇ ನಿಂತ. ಹೊಲಿಗೆ ಯಂತ್ರದ ಮೇಲೆ ಅವಳ ಕಾಲೂ ನಿಂತಿತು. ಅವಳು ಪರದೆ ಸರಿಸಿದಳು.

ಬೇಕರಿಯವರು ಕಣ್ಣು ಮುಚ್ಚಿ ಆರಾಮಾಗಿ ಕುತ್ತಿಗೆ ಚಾಚಿದ್ದರು. ಆ ಕುತ್ತಿಗೆಯ ಹತ್ತಿರ ಕತ್ತಿ ಹಿಡಿದ ಗಂಡನ ಕೈ ಗಡಗಡ ನಡುಗುತ್ತಿತ್ತು. ಮುಖದ ತುಂಬ ಬೆವರು. ಕಣ್ಣು ಕನ್ನಡಿಯ ಕಡೆಗಿದ್ದರೂ ಏನನ್ನೂ ನೋಡುತ್ತಿರಲಿಲ್ಲ. ಕೂಗಲು ಅವಳ ಬಾಯಿ ತೆರೆಯಿತು. ಕೂಗಿದರೆ ಅವನು ಬೆಚ್ಚಿಬೀಳುತ್ತಾನೆ ಎಂದು ಹಾಗೇ ಮುಚ್ಚಿಕೊಂಡಳು. ಜೀವ ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆದಳು. ಎರಡೂ ಕೈಯಿಂದ ಅವನ ಮಣಿಕಟ್ಟು ಹಿಡಿದು ಕತ್ತಿಯನ್ನು ಮೇಲೆತ್ತಿದಳು. ಅಷ್ಟರಲ್ಲಿ ಬೇಕರಿಯವರ ಕಿವಿಯ ಕೆಳಗೆ ಸಣ್ಣಗೆ ಗೀರು ಬಿದ್ದು, ನೊರೆಯಲ್ಲಿ ರಕ್ತ ಕಂಡಿತು.

ಗಂಡ ಗೋಡೆಗೆ ಒರಗಿ ಹಾಗೇ ಕುಸಿದು ಕೂತ. ಚಹಾಕ್ಕೆಂದು ಇಟ್ಟಿದ್ದ ಸಕ್ಕರೆ ಡಬ್ಬಿಯ ಕಡೆ ಅವಳ ಕೈ ಹೋಯಿತು. ಬೇಕರಿಯವರು ಅರ್ಧ ಮುಖ ನೊರೆಯಲ್ಲೇ ಎದ್ದು ಬಂದು ತಡೆದರು.

"ಬೇಡಮ್ಮ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಟ್ರೆ ಆಸಾಮಿ ಉಳಿಯಲ್ಲ."

ಚಮಚ ಹಿಡಿದು ಅವಳು ನಿಂತುಬಿಟ್ಟಳು. ಕೊಟ್ಟರೆ ಕೊಂದ ಹಾಗೆ, ಕೊಡದಿದ್ದರೆ ಕಣ್ಣೆದುರೇ ಹೋಗುತ್ತಾನೆ. ಅಂಥ ಭಯವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಫೋನು ತೆಗೆದು, ಬೀದಿಯ ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಕರೆ ಮಾಡಿದಳು.

ನರ್ಸಮ್ಮ ಕೇಳಿದ್ದು ಎರಡೇ. ಎಚ್ಚರ ಇದ್ದಾರಾ? ನುಂಗೋಕೆ ಆಗುತ್ತಾ? ಎರಡಕ್ಕೂ ಹೂಂ ಎಂದಳು.

"ಹಾಗಾದ್ರೆ ಯೋಚನೆ ಮಾಡ್ಬೇಡಿ ಅಕ್ಕ. ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕಲಸಿ ಈಗಲೇ ಕುಡಿಸಿ. ನಾನು ಹೊರಟೆ."

ಅವನು ಹಲ್ಲು ಕಚ್ಚಿ ಲೋಟ ತಳ್ಳಿದ. ನನಗೆ ವಿಷ ಹಾಕ್ತೀಯಾ ಎಂದು ತೊದಲಿದ. ಹೌದು, ಕುಡೀರಿ ಎಂದು ಅವಳು ಅತ್ತುಕೊಂಡೇ ಗುಟುಕು ಗುಟುಕಾಗಿ ಕುಡಿಸಿದಳು. ಬೇಕರಿಯವರು ಗಾಯಕ್ಕೆ ಟವೆಲು ಒತ್ತಿಕೊಂಡು ಗಡಿಯಾರ ನೋಡುತ್ತಾ ನಿಂತರು. ಕಾಲು ಗಂಟೆ ಕಳೆಯುವಷ್ಟರಲ್ಲಿ ನಡುಕ ಇಳಿಯಿತು. ರೇಡಿಯೊ ಬೇಕರಿಯವರ ಟವೆಲು ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ.

ಅಷ್ಟರಲ್ಲಿ ಬಂದ ನರ್ಸಮ್ಮ ಬೆರಳು ಚುಚ್ಚಿ ಪರೀಕ್ಷೆ ಮಾಡಿದಳು. ಮೊದಲು ಊಟ ಹಾಕಿಸಿ, ಆಮೇಲೆ ಬುದ್ಧಿ ಹೇಳಿದಳು. ಸಕ್ಕರೆ ಏರಿದರೆ ನಿಧಾನಕ್ಕೆ ತಿನ್ನುತ್ತದೆ, ತೀರಾ ಇಳಿದರೆ ನಿಂತಲ್ಲೇ ಕೆಡವುತ್ತದೆ. ಮಾತ್ರೆ ಒಳಗೆ ಹೋಗಿ ಊಟ ಹೋಗದಿದ್ದರೆ, ಅದರ ಮೇಲೆ ಓಡಿದರೆ, ಹೀಗೇ ಆಗುವುದು. ಇವನು ಸಾಧನೆ ಎಂದುಕೊಂಡ ಬೆವರು, ಮೈ ಇಟ್ಟ ಮೊರೆ. ಅಂಥ ಹೊತ್ತಿಗೆ ಸಕ್ಕರೆಯೇ ಮದ್ದು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮರುದಿನ ಡಾಕ್ಟರು ಮಾತ್ರೆಯ ಪ್ರಮಾಣ ಬದಲಿಸಿದರು. ಆದರೂ ರೇಡಿಯೊ ಆಮೇಲೆ ಎರಡು ದಿನ ಅಂಗಡಿ ತೆರೆಯಲಿಲ್ಲ, ಮನೆ ಬಿಟ್ಟು ಹೊರಗೂ ಬರಲಿಲ್ಲ. ಇನ್ನು ವ್ಯಾಯಾಮದ ಸಹವಾಸವೇ ಬೇಡ ಎಂದು ಕೂತ. ನರ್ಸಮ್ಮ ಮನೆಗೇ ಬಂದಳು.

"ಅಣ್ಣ, ಓಡಿದ್ದು ತಪ್ಪು, ಕೂತಿದ್ದೂ ತಪ್ಪೇ. ಮೈಯನ್ನ ದುಡಿಸಲೇಬೇಕು, ಆದರೆ ದಿನಕ್ಕಿಷ್ಟಿಷ್ಟೇ ಹೆಚ್ಚಿಸಿ. ನಡೀವಾಗ ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರದು. ಹಾಡೋಕೆ ಆದ್ರೆ ಸ್ವಲ್ಪ ಜೋರಾಗಿ ಹೆಜ್ಜೆ ಹಾಕಿ. ಮಾತೇ ನಿಂತ್ರೆ ಕಾಲೂ ನಿಲ್ಲಿಸಿ. ನಿಮಗಿಂತ ಸುಲಭವಾಗಿ ಯಾರಿಗೆ ಗೊತ್ತಾಗುತ್ತೆ?"

ಗುರುವಾರದ ನಂತರ ರೇಡಿಯೊ ಮೊದಲ ಸಲ ನಕ್ಕ. ಹೆಂಡತಿಗೆ ನಗು ಬರಲಿಲ್ಲ. ತಾನೂ ಜೊತೆಗೆ ಬರುತ್ತೇನೆ ಎಂದಷ್ಟೇ ಹೇಳಿದಳು.

ಈಗ ಇಬ್ಬರೂ ಬೆಳಿಗ್ಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಹೊರಡುತ್ತಾರೆ. ಊಟದ ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಅನ್ನ, ಉಳಿದ ಕಾಲು ಭಾಗ ಬೇಳೆಯೋ ಮೊಟ್ಟೆಯೋ. ಜೇಬಿನಲ್ಲಿ ಸಕ್ಕರೆಯ ಒಂದು ಪೊಟ್ಟಣ. ಮೊದಲ ದಿನ ಏರು ರಸ್ತೆಯ ನಡುವೆ ಅವನ ಮಾತು ತುಂಡಾಯಿತು. ಇನ್ನೇನು ಹಟ ಹಿಡಿದು ಓಡುತ್ತಾನೆ ಎಂದು ಅವಳು ತೋಳು ಹಿಡಿಯಲು ಹೋದಳು. ಅಷ್ಟರಲ್ಲಿ ಅವನೇ ನಿಂತ. ಕಂಬಕ್ಕೆ ಕೈಯಿಟ್ಟು ಉಸಿರು ತೆಗೆದುಕೊಂಡ.

"ಇವತ್ತಿಗೆ ಇಷ್ಟು ಸಾಕು ಕಣೇ. ನಾಳೆ ಮುಂದಿನ ಕಂಬದವರೆಗೆ ಹೋಗೋಣ."

ರಸ್ತೆಯಲ್ಲಿ ಜನ ನೋಡುತ್ತಾರೆ ಎಂಬುದನ್ನೂ ಮರೆತು ಅವಳು ಅತ್ತುಬಿಟ್ಟಳು.

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಾಳೆಯಿಂದ ನೀವೂ ನಡೆಯಿರಿ. ಉಪವಾಸದಿಂದಲ್ಲ, ಉಂಡು ನಡೆಯಿರಿ. ಸಕ್ಕರೆ, ಹೃದಯ, ರಕ್ತದೊತ್ತಡದ ಮಾತ್ರೆ ತಿನ್ನುವವರು ಮೊದಲು ಡಾಕ್ಟರನ್ನು ಕೇಳಿ. ಮಾತ್ರೆಯನ್ನು ನೀವೇ ಬಿಡಬೇಡಿ, ಹೆಚ್ಚಿಸಲೂ ಬೇಡಿ. ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲೇ ನಿಂತು ಸಹಾಯಕ್ಕೆ ಕರೆಯಿರಿ. ಸೋತೆ ಎಂದುಕೊಳ್ಳಬೇಡಿ. ನಿಮ್ಮ ದಾರಿ ಕಾಯುವವರು ಮನೆಯಲ್ಲಿದ್ದಾರೆ.