ಎರೆಮಣ್ಣಿನ ಮೇಲೆ ಜಾಕು

"ಸಾಲಿ ಬಿಟ್ಟು ಎಮ್ಮಿ ಕಾದವ ನೀ, ನನಗ ಜಾಕು ಹಚ್ಚೋದು ಕಲಿಸ್ತೀಯೇನಲೇ?"

ಸಂಗಮೇಶ ಹೀಗೆ ಅಂದದ್ದು ಕರೂರಿನ ಕಾಲುವೆ ದಂಡೆಯ ಮೇಲೆ, ಭತ್ತದ ನಾಟಿ ಮಾಡುತ್ತಿದ್ದ ಹನ್ನೆರಡು ಹೆಣ್ಣಾಳುಗಳ ಎದುರು, ಕಾರಿನ ಮಾಲೀಕರಾದ ತಿಪ್ಪೇರುದ್ರಪ್ಪನವರ ಎದುರು. ಹೆಂಗಸರು ಬಗ್ಗಿದ ಸೊಂಟ ನೆಟ್ಟಗೆ ಮಾಡಿ ನಕ್ಕರು. ಅವರಲ್ಲಿ ಇಬ್ಬರು ನಮ್ಮ ದೇಶನೂರಿನವರು. ಸಂಜೆಯೊಳಗೆ ಈ ಮಾತು ನಮ್ಮವ್ವನ ಕಿವಿಗೆ ಬೀಳುತ್ತದೆ.

ನಾನು ಹೇಳಿದ್ದಾದರೂ ಏನು? ಗಾಡಿ ನಿಂತಿದ್ದು ಎರೆಮಣ್ಣಿನ ಮೇಲೆ. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಂದು ಗೇಣು ಕೆಳಗೆ ಕಾಲುವೆ ನೀರು ಕುಡಿದು ಬೆಣ್ಣೆಯಾಗಿರುತ್ತದೆ. ಎಲ್ಲರೂ ಸೇರಿ ಡಾಂಬರು ರಸ್ತೆಗೆ ತಳ್ಳೋಣ, ಅಲ್ಲಿ ಎತ್ತೋಣ ಅಂದೆ. ಅಷ್ಟೇ. ಬಳ್ಳಾರಿಯ ಗಾಂಧಿನಗರದಲ್ಲಿ ನಾನು ದುಡಿಯುವ, ಸಂಗಮೇಶನ ಅಪ್ಪನ ಗ್ಯಾರೇಜಿನ ನೆಲ ಸಿಮೆಂಟಿನದು. ಅಲ್ಲಿ ಕಲಿತವನಿಗೆ ಮಣ್ಣೆಂದರೆ ಬೂಟಿಗೆ ಮೆತ್ತುವ ಕೊಳೆ. ಡಿಪ್ಲೊಮಾ ಮಾಡಿದ್ದಾನೆ, ಮಾಡಲಿ.

ತಿಪ್ಪೇರುದ್ರಪ್ಪನವರು ಹನ್ನೊಂದಕ್ಕೆ ಕುರುಗೋಡಿನಲ್ಲಿ ಇರಬೇಕಿತ್ತು, ಮಗಳಿಗೆ ಗಂಡು ನೋಡಲು. ಬೆಳಿಗ್ಗೆ ಗದ್ದೆಗೆ ಬಂದು ವಾಪಸ್ ಹೊರಡಲು ಕೀ ತಿರುಗಿಸಿದರೆ ಟಕ್ ಎಂದು ಒಂದು ಸದ್ದು, ಮತ್ತೇನೂ ಇಲ್ಲ. ಎಂಜಿನ್ ಚಾಲೂ ಮಾಡುವ ಸೆಲ್ಫ್ ಮೋಟರು ಸತ್ತಿತ್ತು. ಅವರ ಫೋನು ಕೇಳಿ ಹೊಸದನ್ನು ನಾವು ಬಳ್ಳಾರಿಯಿಂದಲೇ ತಂದಿದ್ದೆವು. ಅವರು ಗಡಿಯಾರ ನೋಡಿದಷ್ಟೂ ಸಂಗಮೇಶನ ಅವಸರ ಏರುತ್ತಿತ್ತು.

ಜಾಕು ಏರಿಸಿದ. ಮುಂದಿನ ಗಾಲಿ ನೆಲ ಬಿಟ್ಟಿತು. ನಾನು ಬಾನೆಟ್ ಎತ್ತಿ ಬ್ಯಾಟರಿಯ ಮೈನಸ್ ವೈರು ಕಳಚಿ ಪಕ್ಕಕ್ಕೆ ಕಟ್ಟಿದೆ. ಸೆಲ್ಫಿಗೆ ಬರುವ ದಪ್ಪ ವೈರಿನಲ್ಲಿ ಸದಾ ಕರೆಂಟು ಇರುತ್ತದೆ, ಬೋಲ್ಟು ಬಿಚ್ಚುವ ಪಾನ ತಾಗಿದರೆ ಕಿಡಿ ಹಾರಿ ಕೈ ಸುಡುತ್ತದೆ. ಅದಕ್ಕೆ ಅವನು ತಕರಾರು ಮಾಡಲಿಲ್ಲ. ಬೆನ್ನ ಮೇಲೆ ಮಲಗಿ ಎದೆಯತನಕ ಗಾಡಿಯ ಕೆಳಗೆ ಸರಿದ.

ನಾನು ನಿಂತು ನೋಡಿದೆ. ಸುಳ್ಳು ಯಾಕೆ ಹೇಳಲಿ, ಬೀಳಲಿ ಅನ್ನಿಸಿತು. ಆಮೇಲೆ ಜಾಕಿನ ಬುಡ ಕಂಡಿತು. ಬಿರುಕಿನ ಬಾಯಲ್ಲಿ ನೀರು ಒಸರುತ್ತಿತ್ತು.

ಜಾಕು ಜಾರಿದರೆ ಗಾಡಿ ಅದರ ಮೇಲೆ ಕೂರಲಿ ಎಂದು ಡಿಕ್ಕಿಯಿಂದ ಸ್ಟೆಪ್ನಿ ಗಾಲಿ ಇಳಿಸಿಕೊಂಡೆ. ಮಣ್ಣಿನ ಮೇಲೆ ಅದೂ ಹೂತುಕೊಳ್ಳುತ್ತದೆ, ಕೆಳಗೆ ಏನಾದರೂ ಬೇಕು. ಹೆಂಗಸರಲ್ಲಿ ಹಿರಿಯಳಾದ, ನಮ್ಮೂರಿನ ಪಕ್ಕೀರಮ್ಮ ಆಗಲೇ ಗದ್ದೆ ಮಟ್ಟ ಮಾಡುವ ಹಲಗೆಯನ್ನು ಎಳೆದುಕೊಂಡು ಬರುತ್ತಿದ್ದಳು.

"ತಗೋ ಅಂಜಿನೇಯ. ಎರಿಮಣ್ಣು ಯಾರ ಓದೂ ಕೇಳಂಗಿಲ್ಲಪ್ಪ."

ಹಲಗೆ ಹಾಕಿ, ಅದರ ಮೇಲೆ ಸ್ಟೆಪ್ನಿ ಮಲಗಿಸಿ, ಅವನ ಪಕ್ಕೆಗೆ ತಾಗುವಂತೆ ಗಾಡಿಯ ಕೆಳಗೆ ಒದ್ದು ಸೇರಿಸಿದೆ. ಬೆಳಕಿಗೆ ಅಡ್ಡ ಬಂತೆಂದು ಒಳಗಿಂದ ಬೈದ. ಬೈಯಲಿ.

ಮೇಲಿನ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪಾನಕ್ಕೆ ಪೈಪು ಸಿಕ್ಕಿಸಿ ಜಗ್ಗಿದ. ಗಾಡಿ ತೂಗಾಡಿತು.

"ಜಗ್ಗಬ್ಯಾಡ್ರಿ ಅಣ್ಣ, ಹೊರಗ ಬರ್ರಿ."

ಇನ್ನೊಮ್ಮೆ ಜಗ್ಗಿದ. ಜಾಕು ಸದ್ದಿಲ್ಲದೆ ವಾಲಿ ಮಣ್ಣೊಳಗೆ ಇಳಿಯಿತು. ಗಾಡಿ ಧಪ್ಪೆಂದು ಸ್ಟೆಪ್ನಿಯ ಮೇಲೆ ಕೂತಿತು. ಹಲಗೆ ಕಿರುಗುಟ್ಟಿತು, ಆದರೆ ತಡೆಯಿತು. ಅವನ ಎದೆಗೂ ಕಬ್ಬಿಣಕ್ಕೂ ನಡುವೆ ನಾಲ್ಕು ಬೆರಳು.

ಕಾಲು ಹಿಡಿದು ನಾನೂ ತಿಪ್ಪೇರುದ್ರಪ್ಪನವರೂ ಹೊರಗೆ ಎಳೆದೆವು. ಅವನು ಎದ್ದು ಕೂತ. ಪಕ್ಕೀರಮ್ಮ ಕೊಟ್ಟ ನೀರನ್ನು ಅರ್ಧ ಕುಡಿದ, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡ.

ಜಾಕು ಕಿತ್ತು ಹಲಗೆಯ ತುದಿಗೆ ಇಟ್ಟು ಗಾಡಿ ಎತ್ತಿದೆ, ಸ್ಟೆಪ್ನಿ ತೆಗೆದೆ. ಹೆಂಗಸರೆಲ್ಲ ಕೈ ಹಚ್ಚಿದರು, ಡಾಂಬರಿಗೆ ತಳ್ಳಿದೆವು. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದೆ ಎತ್ತಿ, ಮತ್ತೆ ಸ್ಟೆಪ್ನಿ ಮಲಗಿಸಿ, ಈ ಸಲ ಕೆಳಗೆ ನಾನು ಹೋದೆ. ಬೋಲ್ಟಿಗೆ ಎಣ್ಣೆ ಬಿಟ್ಟು ಕಾದೆ. ಹಳೆ ಮೋಟರು ಇಳಿಸಿ ಹೊಸದನ್ನು ಕೂರಿಸಿದೆ. ಮೈನಸ್ ವೈರು ಎಲ್ಲಕ್ಕಿಂತ ಕೊನೆಗೆ. ತಿಪ್ಪೇರುದ್ರಪ್ಪನವರು ಕೀ ತಿರುಗಿಸಿದರು, ಒಂದೇ ಸಲಕ್ಕೆ ಗಾಡಿ ಚಾಲೂ ಆಯಿತು.

ಇಷ್ಟು ಅನಾಹುತ ಹೇಗಾಯಿತಪ್ಪ ಎಂದು ಅವರು ಕಿಟಕಿಯಿಂದಲೇ ಕೇಳಿದರು. ಸಂಗಮೇಶನ ಮುಖಕ್ಕೆ ಬಣ್ಣ ವಾಪಸ್ ಬಂದಿತ್ತು. ಎಲ್ಲರಿಗೂ ಕೇಳುವಂತೆ ನನ್ನ ಕಡೆ ತಿರುಗಿದ.

"ಈ ಮಣ್ಣು ಹಿಂಗೈತಿ ಅಂತ ಮೊದಲ ಹೇಳಾಕ ಏನಾಗಿತ್ತಲೇ ನಿನಗ?"

ಹನ್ನೆರಡು ಹೆಂಗಸರೂ ನನ್ನ ಬಾಯಿ ನೋಡಿದರು. ನಾನು ಕೈಯೊಳಗಿನ ಪಾನವನ್ನು ಅವನ ಕಾಲ ಹತ್ತಿರ ಇಟ್ಟು, ಬಳ್ಳಾರಿಯದಲ್ಲ, ನಮ್ಮೂರ ಕಡೆಗೆ ಹೋಗುವ ಸಿರುಗುಪ್ಪದ ಬಸ್ಸು ನಿಲ್ಲುವ ಕಡೆಗೆ ನಡೆದೆ.