ಸೊಸೆ ಆಡಬಾರದ ಮಾತು

ಖಬೊನಿನಾ ಮದುವೆಯಾಗಿ ಬಂದ ಮನೆಯಲ್ಲಿ ಅವಳು ಬೆಂಕಿಯನ್ನು ಬೆಂಕಿ ಎನ್ನುವಂತಿರಲಿಲ್ಲ. ಮಾವನ ಹೆಸರು ಮ್ಲಿಲೊ. ಅವರ ಮಾತಿನಲ್ಲಿ ಬೆಂಕಿಗೂ ಅದೇ ಶಬ್ದ. ಮಾವನ ಹೆಸರನ್ನು ಸೊಸೆ ನಾಲಿಗೆಯ ಮೇಲೆ ತರಕೂಡದು, ಅದನ್ನು ಹೋಲುವ ಮಾತನ್ನೂ ಆಡಕೂಡದು. ಹಾಗಾಗಿ ಒಲೆ, ಕೆಂಡ, ಚಳಿ ಕಾಯಿಸಿಕೊಳ್ಳುವ ತೂತು ಡಬ್ಬ ಎಲ್ಲಕ್ಕೂ ಅವಳದು ಒಂದೇ ಮಾತು, ‘ಬೆಚ್ಚಂದು’. ಎಂಟು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಮೂವತ್ತು ವರ್ಷ ಗಣಿಯ ದೂಳು ಕುಡಿದ ಎದೆಯನ್ನು ಉಬ್ಬಿಸಿಕೊಂಡು ಮುದುಕ ಇದನ್ನು ಊರಿಗೆಲ್ಲ ಸಾರಿದ್ದ.

ಗಣಿ ಮುಚ್ಚಿ ಬಹಳ ಕಾಲವಾಗಿತ್ತು. ಬೇಡವೆಂದು ಸುರಿದ ಕಲ್ಲು, ಪುಡಿ, ಕಲ್ಲಿದ್ದಲ ಕಸದ ದಿಬ್ಬ ಮಾತ್ರ ಊರ ಬೆನ್ನಿಗೆ ನಿಂತಿತ್ತು. ಅದನ್ನು ಕೆದಕಿ ಉರಿಯುವ ಚೂರುಗಳನ್ನು ಆರಿಸಿ ತರದಿದ್ದರೆ ಅವರ ನಡುಚಳಿಗಾಲವಾದ ಜುಲೈಯಲ್ಲಿ ಮೆಕ್ಕೆಜೋಳದ ಹಿಟ್ಟು ಬೇಯುವುದಿಲ್ಲ. ಆದರೆ ಕೆದಕಿದ ಗುಂಡಿಗೆ ಗಾಳಿ ಹೊಕ್ಕರೆ ದಿಬ್ಬ ಒಳಗೊಳಗೇ ಕಾವೇರುತ್ತದೆ, ಯಾರೂ ಕಡ್ಡಿ ಗೀರದೆ ತಾನೇ ಹೊತ್ತಿಕೊಳ್ಳುತ್ತದೆ. ಒಳಗೆಲ್ಲ ತಿಂದು ಟೊಳ್ಳು ಮಾಡಿ ಮೇಲೊಂದು ತೆಳ್ಳನೆಯ ಪದರ ಬಿಟ್ಟಿರುತ್ತದೆ. ಬೂದಿ ಮುಚ್ಚಿದ ಕೆಂಡ ಎಂಬುದು ಅಲ್ಲಿ ಬರೀ ಗಾದೆಯಲ್ಲ, ಹೋದ ವರ್ಷ ಇಬ್ಬರ ಕಾಲು ತಿಂದಿದೆ. ಅದಕ್ಕೇ ಆರಿಸುವವರಿಗೊಂದು ನಿಯಮ: ಬೆಳಗಿನ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿರುವ ಕಡೆ ನೆಲ ತಣ್ಣಗಿದೆ, ನಡೆಯಬಹುದು. ಕಪ್ಪಗಿದ್ದರೆ ಕೆಳಗೆ ಕಾವಿದೆ, ಸುತ್ತಿಕೊಂಡು ಹೋಗಬೇಕು.

ಆ ಬೆಳಿಗ್ಗೆಯೂ ಮ್ಲಿಲೊ ಕೋಲೂರಿಕೊಂಡು ಮುಂದೆ ಹತ್ತಿದ. ಖಬೊನಿನಾ ಕೆಳಗೆ ತೂತು ಡಬ್ಬಕ್ಕೆ ಚೂರು ತುಂಬಿ ಹೊತ್ತಿಸುತ್ತಿದ್ದಳು. ಉಬ್ಬಸದ ಮನುಷ್ಯ ಹತ್ತಬೇಡಿ ಎಂದು ದಿನವೂ ಹೇಳುವುದು ಅವಳ ಪಾಠ. ಎದೆ ನನ್ನದು, ಉಬ್ಬಸವೂ ನನ್ನದೇ ಎನ್ನುವುದು ಅವನ ಪಾಠ. ಇಬ್ಬರೂ ಒಪ್ಪಿಸಿಯಾಗಿತ್ತು.

ಬಿಸಿಲು ಬಂತು. ದಿಬ್ಬದ ಇಬ್ಬನಿಯೆಲ್ಲ ಮಿನುಗಿತು. ಮುದುಕನ ಮುಂದಿದ್ದ ಒಂದು ಬಿಳಿ ತೇಪೆ ಮಾತ್ರ ಮಿನುಗಲಿಲ್ಲ. ಸಣ್ಣ ಗಾಳಿ ಬೀಸಿದಾಗ ಆ ಬಿಳುಪು ಎದ್ದು ಹಾರಿತು. ಇಬ್ಬನಿ ಎಲ್ಲಾದರೂ ಹಾರುತ್ತದೆಯೇ? ಅದು ಬೂದಿ.

ನಿಲ್ಲಿ ಎಂದು ಕೂಗಿದಳು. ಅವನು ತಿರುಗದೆಯೇ ಕೈ ಬೀಸಿದ. ಅದು ದಿನದ ಮಾತಲ್ಲವೇ.

“ಬಾಬಾ, ಬೆಚ್ಚಂದು! ಅಲ್ಲಿ ಬೆಚ್ಚಂದಿದೆ!”

ಡಬ್ಬ ಹೊತ್ತಿಸಿ ಕರೆಯುತ್ತಿದ್ದಾಳೆ ಎಂದುಕೊಂಡ ಅವನು. “ಮೊದ್ಲು ನೀ ಕಾಯಿಸ್ಕೊ ಮಕೋಟಿ,” ಎಂದ. ಮಕೋಟಿ ಎಂದರೆ ಮನೆ ತುಂಬಿದ ಸೊಸೆ. “ಚೀಲ ತುಂಬ್ಸಿ ಬರ್ತೀನಿ.”

ಇನ್ನು ನಾಲ್ಕು ಹೆಜ್ಜೆ. ಅವಳು ಓಡಿದಳು, ಜಲ್ಲಿ ಜಾರಿ ಮೊಣಕಾಲೂರಿದಳು, ಮತ್ತೆ ಎದ್ದಳು. ಕಾಲು ತಿನ್ನುವ ಪಿಶಾಚಿಗೆ ಎಂಥ ಮುದ್ದಿನ ಹೆಸರಿಟ್ಟೆ ಎಂದು ತನ್ನನ್ನೇ ಶಪಿಸಿಕೊಂಡಳು. ಒಂದೇ ಹೆಜ್ಜೆ ಉಳಿದಿತ್ತು. ಅವನು ಕಾಲೆತ್ತಿದ.

“ಮ್ಲಿಲೊ!”

ಆರಿಸುತ್ತಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿ ನೋಡಿದರು. ಮುದುಕ ಎತ್ತಿದ ಕಾಲನ್ನು ಹಿಂದಕ್ಕಿಟ್ಟ. ಬೆಂಕಿಯ ನೆನಪು ಅವನಿಗೆ ಎಳ್ಳಷ್ಟೂ ಬರಲಿಲ್ಲ. ಸೊಸೆ ತನ್ನ ಹೆಸರು ಹಿಡಿದು ಕೂಗಿದ್ದಾಳೆ, ಅದೂ ನಾಲ್ಕು ಜನರ ಮುಂದೆ! ಕೋಲೆತ್ತಿಕೊಂಡು ಅವಳತ್ತ ದಡದಡ ಇಳಿದ.

“ಏನಂದೆ?”

ಅವನ ಬೆನ್ನ ಹಿಂದೆ ನೆಲ ಕುಸಿಯಿತು. ಬಿಳಿ ಪದರ ಒಳಗೆ ಬಿದ್ದು, ಎತ್ತಿನಗಾಡಿ ಹಿಡಿಸುವಷ್ಟು ಕೆಂಪು ಬಾಯಿ ತೆರೆಯಿತು. ಗಂಧಕದ ಹೊಗೆ ನುಗ್ಗಿತು. ಬೆನ್ನಿಗೆ ಬಡಿದ ಝಳಕ್ಕೆ ಅವನು ತಿರುಗಿ ನೋಡಿದ, ನೋಡುತ್ತಲೇ ನಿಂತ. ಎತ್ತಿದ ಕೋಲು ತಾನಾಗಿ ಕೈಜಾರಿತು.

ಖಾಲಿ ಚೀಲಗಳನ್ನು ಹೊತ್ತು ಇಬ್ಬರೂ ಮನೆಗೆ ಬಂದರು. ಮಾವನ ಹೆಸರಾಡಿದ ಸೊಸೆ ತವರಿಗೆ ಹೋಗಿ, ತಪ್ಪು ತೊಳೆಯಲು ಕೋಳಿ ತರಬೇಕು. ಅದು ಹಿರಿಯರ ಕಾಲದ ಕಟ್ಟಳೆ. ಖಬೊನಿನಾ ಯಾರೂ ಹೇಳುವ ಮೊದಲೇ ತಲೆವಸ್ತ್ರ ಬಿಗಿದು, ಕಂಬಳಿ ಹೊದ್ದು ಬಾಗಿಲಿಗೆ ಬಂದಳು. ಅವನು ಬದುಕಿದ್ದಾನೆ ಎಂಬ ಸಂತೋಷವೂ, ಎಂಟು ವರ್ಷದ ಮರ್ಯಾದೆ ಒಂದು ಕೂಗಿಗೆ ಹೋಯಿತೆಂಬ ಸಂಕಟವೂ ಅವಳಲ್ಲಿ ಒಟ್ಟಿಗೇ ಇದ್ದವು.

ಮುದುಕ ಹಿತ್ತಲಿನಿಂದ ಬಂದ. ಕೈಯಲ್ಲಿ ಕಾಲು ಕಟ್ಟಿದ ಕೋಳಿ, ಮನೆಯ ಮೊಟ್ಟೆ ಇಡುವ ಕೋಳಿಯೇ.

“ತಗೊ. ಇದು ನಮ್ಮನೆಯಿಂದ ನಿಮ್ಮನೆಗೆ. ಇಂಥ ಮಗಳನ್ನ ಹೆತ್ರಲ್ಲ, ಅದಕ್ಕೆ.”

ಅವಳು ತಲೆ ತಗ್ಗಿಸಿ ಎರಡೂ ಕೈ ಚಾಚಿದಳು. ಅವನು ತುಂಬ ಹೊತ್ತು ಕೆಮ್ಮಿದ.

“ಯಾರು ಕಳ್ಸಿದ್ದು ಅಂತ ನಿಮ್ಮಪ್ಪ ಕೇಳ್ತಾನೆ. ಹೆಸರು ಹೇಳು, ತಪ್ಪಿಲ್ಲ.”

ಖಬೊನಿನಾ ಬಾಯಿ ತೆರೆದಳು. ದಿಬ್ಬದ ಮೇಲೆ ಅರಚಿಕೊಂಡು ಬಂದ ಹೆಸರು ಇಲ್ಲಿ ಬರಲೊಲ್ಲದು.

“ನಮ್ಮಪ್ಪ ಕಳ್ಸಿದ್ರು ಅಂತೀನಿ,” ಎಂದಳು.