ಅಳಿಸುವ ಸಾಲು

ಮತ್ತೆ ಮಿಣುಕಿತು, ಪರದೆ ಪೂರ್ತಿ, ಕೆಟ್ಟ ಟ್ಯೂಬ್‌ಲೈಟಿನ ಹಾಗೆ, ಅವನು ಕಣ್ಣುಜ್ಜಿಕೊಂಡ, ತನ್ನ ಕಣ್ಣೇ ಸೋತಿರಬೇಕು — ಇಲ್ಲ, ಆಟವೇ ಮಿಣುಕುತ್ತಿದೆ, ಹಾಳು ಆಟ, ಮೇಲಿಂದ ಕೆಂಪು ಚೆಂಡು ಬೀಳಬೇಕು, ನೀಲಿ ದೋಣಿ ಮೌಸ್ ಹೋದತ್ತ ಹೋಗಿ ಅದನ್ನು ಹಿಡಿಯಬೇಕು, ಅಷ್ಟೇ, ಅಷ್ಟಕ್ಕೆ ಬೆಳಗಿನಿಂದ ತಲೆ ಚಚ್ಚಿಕೊಳ್ಳುವುದೇ, ಅಂಗಡಿಗಳಿಗೆ ಬಿಲ್ಲಿನ ಪ್ರೋಗ್ರಾಮ್ ಬರೆಯುವವನಿಗೆ ಈ ಉಸಾಬರಿ ಯಾಕೆ ಬೇಕಿತ್ತು, ಆದರೆ ಅಕ್ಕನ ಬಲಗೈ, ಪಾರ್ಶ್ವವಾಯು ಬಡಿದಾಗಿನಿಂದ ಮಡಿಲಲ್ಲಿ ಬಿದ್ದುಕೊಂಡಿರುವ ಆ ಕೈ, ವ್ಯಾಯಾಮ ಹೇಳಿಕೊಡುವಾಕೆ ರಬ್ಬರ್ ಚೆಂಡು ಕೊಟ್ಟರೆ ನಾನೇನು ಎಳೆಮಗುವಾ ಎಂದು ಎಡಗೈಯಿಂದ ಮೂಲೆಗೆಸೆದಳು, ಕಂಪ್ಯೂಟರಲ್ಲಿ ಆಟ ಮಾಡಿಕೊಟ್ರೆ ಆಡ್ತೀಯಾ ಅಕ್ಕ, ಮಾಡು ನೋಡೋಣ, ನಕ್ಕಿದ್ದಳು ಕೂಡ, ಮಾಡಿಕೊಟ್ಟರೆ ಎರಡು ಕ್ಷಣ ನೋಡಿ ಕಣ್ಣು ಮುಚ್ಚಿಕೊಂಡಳು, ಕಣ್ಣು ಕುಕ್ಕುತ್ತೆ ಕಣೋ, ತಲೆ ಸಿಡಿಯುತ್ತೆ, ಬಿಡು, ಈ ಕೈ ಇನ್ನು ಏಳಲ್ಲ, ಸಂಜೆ ಎದುರುಮನೆಯಾಕೆ ಬರ್ತಾಳೆ, ಹೊಲಿಗೆ ಮಿಷನ್ ಕೊಟ್ಟುಬಿಡ್ತೀನಿ. ಕೊಟ್ಟುಬಿಡುತ್ತಾಳಂತೆ, ಅವನ ಸ್ಕೂಲಿನ ಅಂಗಿಗಳನ್ನೆಲ್ಲ ಹೊಲಿದ ಮಿಷನ್, ಬಟ್ಟೆ ಹರಡಿ, ನೀಲಿ ಸೀಮೆಸುಣ್ಣ ಹಿಡಿದು, ಭುಜದಿಂದ ಅಂಚಿನವರೆಗೆ ಒಂದೇ ಎಳೆತ, ಎಲ್ಲೂ ಕಡಿಯದ ಗೆರೆ, ಉಸಿರು ಬಿಡಬೇಡ್ವೋ ಕೋತಿ, ಬಟ್ಟೆ ಹಾರುತ್ತೆ — ಆ ಗೆರೆ ಇನ್ನೂ ಅವನ ಕಣ್ಣಲ್ಲೇ ಇದೆ.

ಹಳೆಯ ಚಿತ್ರ ಅಳಿಸು, ಹೊಸದನ್ನು ಬಿಡಿಸು, ಹಾಗಂತ ಬರೆದವನು ತಾನೇ, ಎರಡರ ನಡುವಿನ ಖಾಲಿ ಕಣ್ಣಿಗೆ ಬೀಳುತ್ತಿದೆ, ಅದೇ ಮಿಣುಕು, ಮರೆಯಲ್ಲಿ ಪೂರ್ತಿ ಬಿಡಿಸಿ ಒಮ್ಮೆಗೇ ತೋರಿಸಬೇಕು, ಅದನ್ನೂ ಮಾಡಿ ನೋಡಿದ್ದ, ಪರದೆ ಕಪ್ಪಗೆ ಮುಖ ಊದಿಸಿಕೊಂಡು ಕೂತಿತ್ತು, ಎಲ್ಲಿ ತಪ್ಪಿತೋ, ಹುಡುಕುವ ತ್ರಾಣವಿಲ್ಲ, ಕಿಟಕಿಯ ಬಿಸಿಲು ಆಗಲೇ ಓರೆಯಾಗಿದೆ, ಹಾಳಾಗಿ ಹೋಗಲಿ ಎಂದು ಅಳಿಸುವ ಸಾಲನ್ನೇ ಕಿತ್ತುಹಾಕಿದ. ಮಿಣುಕು ನಿಂತಿತು, ಆದರೆ ಚೆಂಡು ಬಿದ್ದಲ್ಲೆಲ್ಲ ಉದ್ದ ಕೆಂಪು ಬಾಲ, ಅಕ್ಕ, ಒಂದೇ ಸಲ ಬಾ, ಎಡಗೈ ಬೆನ್ನ ಹಿಂದೆ ಇಟ್ಕೋ, ಬಂದಳು, ಬಲಗೈಯನ್ನು ಅವನೇ ಎತ್ತಿ ಮೌಸಿನ ಮೇಲಿಟ್ಟ, ಆಟವನ್ನು ಮೊದಲಿನಿಂದ ಶುರುಮಾಡಿದ, ಇದೇನೋ ಗಲೀಜು, ಬಣ್ಣ ಚೆಲ್ಲಿದ ಹಾಗೆ, ತಲೆ ಸಿಡಿದೀತೆಂದು ಹೆದರಿ ಕಣ್ಣು ಮುಚ್ಚಿದಳು, ಅವನು ಪರದೆ ಬಿಟ್ಟು ಅವಳ ಮುಖವನ್ನೇ ನೋಡುತ್ತ ಕೂತ, ಹಣೆಯಲ್ಲಿ ಬೆವರು, ಕಚ್ಚಿದ ತುಟಿ, ಆಮೇಲೆ ಸೋತ ದನಿ, ನೋಡಿದ್ಯಾ, ಒಂದು ಚೂರೂ ಅಲುಗಲಿಲ್ಲ, ಹೇಳಿರಲಿಲ್ವಾ, ಎದ್ದು ಹೋದಳು, ಪಕ್ಕದ ಕೋಣೆಯಲ್ಲಿ ಮಿಷನ್ ಒರೆಸುವ ಸದ್ದು.

ಆಯಿತು, ಮುಗಿಯಿತು, ಆಟ ನಿಲ್ಲಿಸಿ ಅಳಿಸುವ ಸಾಲನ್ನು ಮತ್ತೆ ಸೇರಿಸೋಣವೆಂದು ಬೆರಳು ಚಾಚಿದವನು ಸುಮ್ಮನೆ ಪರದೆ ನೋಡಿದ, ಕೆಂಪು ಬಾಲಗಳೆಲ್ಲ ಮೇಲಿಂದ ನೆಲದವರೆಗೆ, ಒಂದು ಮಾತ್ರ ಗಿಡ್ಡ, ಅರ್ಧಕ್ಕೇ ನಿಂತಿದೆ, ಯಾಕೆ, ಚೆಂಡು ಅರ್ಧದಲ್ಲಿ ಮಾಯವಾಗುವುದು ದೋಣಿ ಹಿಡಿದಾಗ ಮಾತ್ರ, ಹಾಗೆಂದು ಬರೆದವನೂ ತಾನೇ — ಕರೆಗಂಟೆ ಬಡಿಯಿತು, ಎದುರುಮನೆಯಾಕೆಯೇ ಇರಬೇಕು, ಬಂದೆ ಬಂದೆ ಎಂದು ಅಕ್ಕ ಎದ್ದಳು, ಅಕ್ಕ, ಬಾಗಿಲು ತೆಗೀಬೇಡ, ಅವನು ಕೂಗಿದನೋ ಇಲ್ಲವೋ, ಬೆರಳು ಹಾಗೇ ಗಾಳಿಯಲ್ಲಿ, ಪರದೆಯ ಮಧ್ಯದಿಂದ ಆ ಗಿಡ್ಡ ಬಾಲದ ತುದಿಯವರೆಗೆ ಬೆರಳುದ್ದದ ನೀಲಿ, ದೋಣಿ ಹೋದ ದಾರಿ, ನಡುಗಿದೆ, ಸೊಟ್ಟಗಿದೆ, ಎಲ್ಲೂ ಕಡಿದಿಲ್ಲ, ನೀಲಿ ಗೆರೆ, ಅಕ್ಕನ ಕೈಯ ಗೆರೆ, ನೀಲಿ —